ಭಾರತದ ಸಂವಿಧಾನವೂ ಹಂಪೆಯ ಸುತ್ತಣ ನಾಲ್ಕು ಊರುಗಳೂ

ಒಂದು ದೇಶದಲ್ಲಿ ಅಧಿಕಾರವು ಯಾರ ಕೈಯಲ್ಲಿರತಕ್ಕದ್ದು, ಎಷ್ಟರಮಟ್ಟಿಗೆ ಇರತಕ್ಕದ್ದು, ಯಾವ ಎಲ್ಲೆಯನ್ನು ಅದು ದಾಟತಕ್ಕದ್ದಲ್ಲ ಎಂಬುದನ್ನು ಗೊತ್ತುಮಾಡುವ ಮೂಲನಿಬಂಧನೆಗೆ ಸಂವಿಧಾನವೆಂದು ಹೆಸರು. ಉಳಿದ ಕಾಯಿದೆಗಳೆಲ್ಲವೂ ಅದರಿಂದ ಬಲವನ್ನು ಪಡೆದು ಅದಕ್ಕೆ ಅಧೀನವಾಗಿ ನಡೆಯುವುವು. ಈ ಲಕ್ಷಣವನ್ನು ಹೇಳುವುದು ಸುಲಭ. ಅದರ ತಾತ್ಪರ್ಯವನ್ನು ಮನಗಾಣುವುದು ಅಷ್ಟು ಸುಲಭವಲ್ಲ. ನಿತ್ಯವೂ ಉಸಿರಾಡುವ ಗಾಳಿಯ ಕಡೆಗೆ ನಮ್ಮ ಗಮನ ಹರಿಯದಿರುವಂತೆ, ನಿತ್ಯವೂ ನಮ್ಮನ್ನು ಕಾಯುತ್ತಿರುವ ನಿಬಂಧನೆಗಳ ಕಡೆಗೂ ನಮ್ಮ ಗಮನ ಹರಿಯುವುದಿಲ್ಲ. ಆದುದರಿಂದ ಈ ಲೇಖನದಲ್ಲಿ ಭಾರತದ ಸಂವಿಧಾನದ ಮತ್ತು ನ್ಯಾಯವ್ಯವಸ್ಥೆಯ ಮೂಲಾಂಶಗಳನ್ನು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂಬ ನಾಲ್ಕು ಊರುಗಳ ನಿದರ್ಶನದಿಂದ ವಿವರಿಸಲು ಯತ್ನಿಸಿದೆ.

ಈ ಊರುಗಳನ್ನೇ ಆರಿಸಿಕೊಳ್ಳಲು ಕಾರಣವುಂಟು. ಇವು ಒಂದರಿಂದೊಂದಕ್ಕೆ ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ಹತ್ತಿರದವು. ಆದರೂ ನೂರೈವತ್ತು ವರ್ಷಗಳ ಕಾಲ ಇವುಗಳ ನಡುವೆ ಬೇರೆ ಬೇರೆ ಆಳಿಕೆಗಳ ಎಲ್ಲೆ ಹಾದುಹೋಗಿತ್ತು. ಸ್ವಾತಂತ್ರ್ಯಾನಂತರದಲ್ಲಿಯೂ ಇವುಗಳ ರಾಜ್ಯ, ಜಿಲ್ಲೆ, ತಾಲ್ಲೂಕುಗಳು ಹಲವು ಸಾರಿ ಬದಲಾಗಿವೆ. ಯಾವುದು ಬದಲಾಗಬಹುದು, ಯಾರು ಬದಲಾಯಿಸಬಹುದು, ಯಾವುದನ್ನು ಯಾರೂ ಬದಲಾಯಿಸಲಾಗದು ಎಂಬ ಮೂರು ಪ್ರಶ್ನೆಗಳಿಗೆ ಈ ಪ್ರದೇಶದ ಚರಿತ್ರೆಯು ಉತ್ತರವನ್ನು ಕೊಡುತ್ತದೆ.

೧. ಶಾಸನವೆಂಬ ಮಾತು

ಹಂಪೆಯನ್ನು ನೋಡಿದವರಿಗೆ ಶಾಸನವೆಂದರೆ ಮೊದಲು ನೆನಪಿಗೆ ಬರುವುದು ಕಲ್ಲಿನ ಮೇಲಣ ಬರೆಹ. ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ ಶಾಸನವೊಂದಿದೆ. ಅದು ದೇವರಿಗೆ ಬಿಟ್ಟ ಗ್ರಾಮದಾನವನ್ನೂ ರಂಗಮಂಟಪ ಗೋಪುರಗಳ ನಿರ್ಮಾಣವನ್ನೂ ಹೇಳುತ್ತದೆ. ಇಂದು ಅದೇ ಶಾಸನವೆಂಬ ಮಾತನ್ನು ವಿಧಾನಮಂಡಲವು ಮಾಡುವ ಕಾಯಿದೆಗೂ ಬಳಸುತ್ತೇವೆ. ಕಾಯಿದೆ ಮಾಡುವ ಸಭೆಯನ್ನು ಶಾಸನಸಭೆಯೆನ್ನುತ್ತೇವೆ. ಮಾತು ಒಂದೇ ಆದರೂ ಅದರ ಹಿಂದಿರುವ ಬಲವು ಬೇರೆ.

ಹಳೆಯ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಶಾಪಾಶಯದ ಮಾತುಗಳು ಬರುತ್ತವೆ. ದಾನವನ್ನು ಕಾಪಾಡಿದವನಿಗೆ ಪುಣ್ಯ, ಅಪಹರಿಸಿದವನಿಗೆ ನರಕ ಎಂಬುದು ಅವುಗಳ ಸಾರ. ಕೊಟ್ಟ ಅರಸನು ಗತಿಸಿದ ಮೇಲೆ ಮುಂದಿನ ಅರಸನನ್ನು ಕಟ್ಟಿಹಾಕಲು ಪಾಪಭೀತಿಯ ಹೊರತು ಬೇರೆ ಉಪಾಯವಿರಲಿಲ್ಲವೆಂಬುದನ್ನು ಈ ಮಾತುಗಳೇ ತೋರಿಸುತ್ತವೆ. ಧರ್ಮಶಾಸ್ತ್ರವು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಹಿಂದೂ ದಾಯಭಾಗ ವಿಷಯದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನ್ಯಾಯಸ್ಥಾನಗಳಿಗೆ ಪ್ರಮಾಣವಾಗಿತ್ತು. ವಿಜಯನಗರದ ಆರಂಭಕಾಲದ ಮಾಧವಾಚಾರ್ಯರ ಪರಾಶರಮಾಧವೀಯದಲ್ಲಿ ವ್ಯವಹಾರಕಾಂಡವೇ ಒಂದುಂಟು. ದೇಶಾಚಾರ, ಕುಲಾಚಾರಗಳಿಗೂ ಮನ್ನಣೆಯಿತ್ತು. ಅರಸನು ಧರ್ಮಕ್ಕೆ ಅಧೀನನೆಂಬ ಭಾವನೆಯೂ ಇತ್ತು. ಆದರೆ ಅರಸನು ಧರ್ಮವನ್ನು ಮೀರಿದಾಗ ಸಾಮಾನ್ಯನು ಹೋಗಿ ದೂರು ಕೊಡಬಹುದಾದ, ಅರಸನ ಆಜ್ಞೆಯನ್ನು ರದ್ದುಮಾಡಬಲ್ಲ ಸ್ಥಾನವೊಂದು ಇರಲಿಲ್ಲ. ಸಂವಿಧಾನವು ಹೊಸದಾಗಿ ತಂದುಕೊಟ್ಟುದು ಈ ಸ್ಥಾನವನ್ನು.

೨. ಒಂದು ನದಿ, ಮೂರು ಆಳಿಕೆ

೧೮೦೦ರ ಒಪ್ಪಂದದಿಂದ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಹೊಸಪೇಟೆ, ಹಂಪೆ, ಕಂಪ್ಲಿಗಳು ಹೀಗೆ ಮದ್ರಾಸ್ ಪ್ರಾಂತಕ್ಕೆ ಸೇರಿದವು. ಥಾಮಸ್ ಮನ್ರೋ ಈ ಬಿಟ್ಟುಕೊಟ್ಟ ಸೀಮೆಗಳ ಮುಖ್ಯ ಕಲೆಕ್ಟರನಾಗಿ ರೈತವಾರಿ ಪದ್ಧತಿಗೆ ಇಲ್ಲಿ ಬುನಾದಿ ಹಾಕಿದನು. ತುಂಗಭದ್ರೆಯ ಉತ್ತರದ ದಡದಲ್ಲಿದ್ದ ಆನೆಗೊಂದಿ, ಗಂಗಾವತಿಗಳು ಹೈದರಾಬಾದ್ ಸಂಸ್ಥಾನದಲ್ಲಿಯೇ ಉಳಿದವು. ದಕ್ಷಿಣದ ಬೆಟ್ಟಗಳ ನಡುವೆ ಸುಮಾರು ೧೬೦ ಚದರ ಮೈಲಿಗಳ ಸಂಡೂರು ಸಂಸ್ಥಾನವಿತ್ತು. ಹದಿನೆಂಟನೆಯ ಶತಮಾನದಲ್ಲಿ ಘೋರ್ಪಡೆ ಮನೆತನದವರ ಕೈಸೇರಿದ ಈ ಸೀಮೆಯನ್ನು ೧೮೧೭ರಲ್ಲಿ ಪೇಶ್ವೆಯ ಕೋರಿಕೆಯಂತೆ ಮನ್ರೋ ಸ್ವಾಧೀನಕ್ಕೆ ತೆಗೆದುಕೊಂಡು, ಮರುವರ್ಷ ಹಿಂದಕ್ಕೆ ಕೊಟ್ಟನು. ೧೮೨೬ರಲ್ಲಿ ಕಂಪೆನಿಯವರು ಅದಕ್ಕೆ ಸನ್ನದನ್ನು ಬರೆದುಕೊಟ್ಟರು.

ಇದರ ಫಲವೇನೆಂಬುದನ್ನು ನೋಡೋಣ. ಹೊಸಪೇಟೆಯ ರೈತನೊಬ್ಬನ ಜಮೀನಿನ ವ್ಯಾಜ್ಯವು ಬಳ್ಳಾರಿಯ ಜಿಲ್ಲಾ ನ್ಯಾಯಸ್ಥಾನದಿಂದ ಮದ್ರಾಸ್ ಹೈಕೋರ್ಟಿಗೂ, ಹಣವೂ ಹಟವೂ ಇದ್ದರೆ ಲಂಡನ್ನಿನ ಪ್ರಿವಿ ಕೌನ್ಸಿಲಿಗೂ ಹೋಗಬಹುದಾಗಿತ್ತು. ಹಂಪೆಯಲ್ಲಿ ಹರಿಗೋಲು ಹತ್ತಿ ಆನೆಗೊಂದಿಯ ದಡದಲ್ಲಿ ಇಳಿದವನು ನಿಜಾಮನ ಕಾನೂನಿಗೆ ಒಳಗಾಗುತ್ತಿದ್ದನು. ಅಲ್ಲಿಯ ನ್ಯಾಯಸ್ಥಾನಗಳ ಭಾಷೆ ಉರ್ದು. ಸಂಡೂರಿನ ಕಣಿವೆಯೊಳಕ್ಕೆ ಕಾಲಿಟ್ಟವನಿಗೆ ಅಲ್ಲಿಯ ಸಂಸ್ಥಾನಾಧಿಪತಿಯ ಅಪ್ಪಣೆಯೇ ಕಾಯಿದೆ. ಮೇಲೆ ಬ್ರಿಟಿಷ್ ಸರ್ಕಾರದ ಮೇಲ್ವಿಚಾರಣೆ. ಒಂದೇ ಮಾತನಾಡುವ, ಒಂದೇ ಜಾತ್ರೆಗೆ ಹೋಗುವ, ತಮ್ಮತಮ್ಮೊಳಗೆ ಹೆಣ್ಣು ಕೊಟ್ಟು ತರುವ ಜನರು ನ್ಯಾಯದ ವಿಷಯದಲ್ಲಿ ಮೂರು ಪಾಲಾಗಿದ್ದರು. ಈ ಮೂರರಲ್ಲಿ ಯಾವೊಂದರಲ್ಲಿಯೂ ಆಳುವವರ ಅಧಿಕಾರವು ಆಳಲ್ಪಡುವವರಿಂದ ಬಂದುದಾಗಿರಲಿಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಸೇರಿತು. ೧೯೪೯ರ ಏಪ್ರಿಲ್ ೧ರಂದು ಸಂಡೂರು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. ಅದೇ ವರ್ಷ ಪ್ರಿವಿ ಕೌನ್ಸಿಲಿಗೆ ಭಾರತದಿಂದ ಹೋಗುತ್ತಿದ್ದ ಮೇಲ್ಮನವಿಯ ದಾರಿ ಮುಚ್ಚಿತು. ನವೆಂಬರ್ ೨೬ರಂದು ಸಂವಿಧಾನ ಸಭೆಯು ೩೯೫ ಅನುಚ್ಛೇದಗಳ ಸಂವಿಧಾನವನ್ನು ಅಂಗೀಕರಿಸಿತು; ೧೯೫೦ರ ಜನವರಿ ೨೬ರಂದು ಅದು ಜಾರಿಗೆ ಬಂದಿತು. ಮಂಗಳೂರಿನ ಬೆನೆಗಲ್ ನರಸಿಂಗರಾಯರು ಆ ಸಭೆಗೆ ಸಂವಿಧಾನದ ಸಲಹೆಗಾರರಾಗಿದ್ದರೆಂಬುದನ್ನು ಕನ್ನಡಿಗರು ನೆನೆಯಬೇಕು. ನದಿಯ ಎರಡು ದಡಗಳಿಗೂ ಬೆಟ್ಟಗಳ ಒಳಗಿನ ಕಣಿವೆಗೂ ಮೂಲಕಾನೂನು ಒಂದೇ ಆದುದು ಅಂದಿನಿಂದ. ಹಳೆಯ ಕಾಯಿದೆಗಳೆಲ್ಲವೂ ಒಂದೇ ದಿನದಲ್ಲಿ ಅಳಿದುಹೋಗಲಿಲ್ಲ. ಹಾಗಾಗಿದ್ದರೆ ಕ್ರಯಪತ್ರ, ಸಾಲಪತ್ರಗಳಿಗೆಲ್ಲ ಆಧಾರ ತಪ್ಪಿ ಅವ್ಯವಸ್ಥೆಯಾಗುತ್ತಿತ್ತು. ೩೭೨ನೆಯ ಅನುಚ್ಛೇದವು ಅವುಗಳನ್ನು ಮುಂದುವರಿಸಿತು. ೧೩ನೆಯ ಅನುಚ್ಛೇದವು ಮೂಲಭೂತ ಹಕ್ಕುಗಳಿಗೆ ವಿರುದ್ಧವಾದಷ್ಟು ಭಾಗವನ್ನು ಮಾತ್ರ ನಿರರ್ಥಕಗೊಳಿಸಿತು.

೩. ಸಂಡೂರು: ಅನುಗ್ರಹವೂ ಹಕ್ಕೂ

ಹಳೆಯ ವ್ಯವಸ್ಥೆಗೂ ಹೊಸದಕ್ಕೂ ಇರುವ ಭೇದವನ್ನು ತಿಳಿಯಲು ಸಂಡೂರಿನ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಅಲ್ಲಿಯ ಕೊನೆಯ ಸಂಸ್ಥಾನಾಧಿಪತಿ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು ೧೯೩೨ರಲ್ಲಿ ಬೆಟ್ಟದ ಮೇಲಣ ಪುರಾತನವಾದ ಕುಮಾರಸ್ವಾಮಿ ದೇವಾಲಯವನ್ನು ಹರಿಜನರಿಗೆ ತೆರೆಯಿಸಿದರು. ತಿರುವಾಂಕೂರಿನ ಪ್ರಸಿದ್ಧವಾದ ದೇವಾಲಯ ಪ್ರವೇಶ ಘೋಷಣೆ ಹೊರಟುದು ೧೯೩೬ರಲ್ಲಿ. ಸಂಡೂರಿನ ನೆರೆಯಲ್ಲಿಯೇ ಇದ್ದ ಹೊಸಪೇಟೆ, ಹಂಪೆ, ಕಂಪ್ಲಿಗಳನ್ನೊಳಗೊಂಡ ಮದ್ರಾಸ್ ಪ್ರಾಂತಕ್ಕೆ ದೇವಾಲಯಗಳನ್ನೆಲ್ಲ ಹರಿಜನರಿಗೆ ತೆರೆಯುವ ಕಾಯಿದೆ ಬಂದುದು ೧೯೪೭ರಲ್ಲಿ. ಚಿಕ್ಕ ಸಂಸ್ಥಾನವೊಂದು ದೊಡ್ಡ ಪ್ರಾಂತಕ್ಕಿಂತ ಹದಿನೈದು ವರ್ಷ ಮುಂದಾಗಿತ್ತು. ಇದು ಆ ಅರಸರ ಔದಾರ್ಯಕ್ಕೂ ಧೈರ್ಯಕ್ಕೂ ಸಾಕ್ಷಿ. ಅದನ್ನು ಮನಸಾರೆ ಒಪ್ಪಬೇಕು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ೧೯೩೨ರಲ್ಲಿ ಆ ಮೆಟ್ಟಿಲುಗಳನ್ನು ಹತ್ತಿದವನು ಯಾವುದರ ಬಲದಿಂದ ಹತ್ತಿದನು? ಅರಸರ ಅಪ್ಪಣೆಯ ಬಲದಿಂದ. ಆ ಅಪ್ಪಣೆಯನ್ನು ಮರುವರ್ಷ ಹಿಂದಕ್ಕೆ ತೆಗೆದುಕೊಂಡಿದ್ದರೆ, ಅಥವಾ ಮುಂದೆ ಬಂದ ಅರಸನೊಬ್ಬನು ಬೇರೆ ಮನಸ್ಸಿನವನಾಗಿದ್ದರೆ, ಅವನು ಯಾರ ಬಾಗಿಲನ್ನು ತಟ್ಟಬಹುದಾಗಿತ್ತು? ಯಾರದೂ ಇಲ್ಲ. ಒಳ್ಳೆಯ ಅರಸನ ಕೈಯಲ್ಲಿ ಅನುಗ್ರಹವು ಹಕ್ಕಿನಂತೆಯೇ ಕಾಣುವುದು. ಎರಡಕ್ಕೂ ಇರುವ ವ್ಯತ್ಯಾಸವು ಬೆಳಕಿಗೆ ಬರುವುದು ಕೊಟ್ಟವನ ಮನಸ್ಸು ಬದಲಾದ ದಿನ.

ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿ ಅದರ ಆಚರಣೆಯನ್ನು ನಿಷೇಧಿಸಿದೆ. ಸರ್ಕಾರಕ್ಕೆ ಮಾತ್ರವಲ್ಲದೆ ಖಾಸಗಿ ವ್ಯಕ್ತಿಗಳಿಗೂ ಇದು ಅನ್ವಯಿಸುತ್ತದೆಂಬುದು ಇದರ ವಿಶೇಷ. ೨೫ನೆಯ ಅನುಚ್ಛೇದವು ಸಾರ್ವಜನಿಕ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಕಾಯಿದೆ ಮಾಡಲು ಅವಕಾಶವಿತ್ತಿದೆ. ೧೯೫೫ರಲ್ಲಿ ಪಾರ್ಲಿಮೆಂಟು ಅಸ್ಪೃಶ್ಯತೆಯ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾಯಿದೆಯನ್ನು ಮಾಡಿತು. ಇಂದು ಯಾವನಾದರೂ ಗುಡಿಯ ಬಾಗಿಲಲ್ಲಿ ತಡೆಯಲ್ಪಟ್ಟರೆ ಅವನು ಯಾರ ಕರುಣೆಯನ್ನೂ ಬೇಡಬೇಕಾಗಿಲ್ಲ. ತಡೆದವನೇ ನ್ಯಾಯಸ್ಥಾನದಲ್ಲಿ ಉತ್ತರ ಹೇಳಬೇಕು. ಕಾಯಿದೆಯಿದ್ದ ಮಾತ್ರಕ್ಕೆ ಬಾಗಿಲುಗಳೆಲ್ಲ ತಾವಾಗಿ ತೆರೆಯುವುವೆಂದು ಹೇಳಲಾಗದು. ಆದರೆ ಬೇಡುವವನ ಸ್ಥಾನಕ್ಕೂ ಕೇಳುವವನ ಸ್ಥಾನಕ್ಕೂ ಇರುವ ಅಂತರವು ಸಾಮಾನ್ಯವಾದುದಲ್ಲ.

ಅರಸರ ಕಥೆಯೂ ಇಲ್ಲಿಗೆ ಮುಗಿಯಲಿಲ್ಲ. ವಿಲೀನದ ಕಾಲದಲ್ಲಿ ಸಂಸ್ಥಾನಾಧಿಪತಿಗಳಿಗೆ ರಾಜಧನವನ್ನೂ ಕೆಲವು ಗೌರವಗಳನ್ನೂ ಕೊಡುವುದಾಗಿ ಒಪ್ಪಲಾಗಿತ್ತು. ೨೯೧, ೩೬೨ನೆಯ ಅನುಚ್ಛೇದಗಳು ಇದಕ್ಕೆ ಭರವಸೆಯನ್ನಿತ್ತಿದ್ದವು. ೧೯೭೦ರಲ್ಲಿ ರಾಷ್ಟ್ರಪತಿಯ ಆಜ್ಞೆಯಿಂದ ಅರಸರ ಮಾನ್ಯತೆಯನ್ನು ತೆಗೆದುಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಅಸಿಂಧುವೆಂದಿತು. ಬಳಿಕ ೧೯೭೧ರಲ್ಲಿ ಪಾರ್ಲಿಮೆಂಟು ೨೬ನೆಯ ತಿದ್ದುಪಡಿಯಿಂದ ಆ ಅನುಚ್ಛೇದಗಳನ್ನೇ ತೆಗೆದುಹಾಕಿತು. ಅರಸರಾಗಿದ್ದವರಿಗೆ ಕೂಡ ನ್ಯಾಯಸ್ಥಾನದ ಬಾಗಿಲು ತೆರೆದಿತ್ತು. ಸರ್ಕಾರವು ಕೂಡ ತನ್ನ ಉದ್ದೇಶವನ್ನು ಸಾಧಿಸಬೇಕಾದರೆ ಆಜ್ಞೆಯಿಂದಲ್ಲ, ತಿದ್ದುಪಡಿಯ ರಾಜಮಾರ್ಗದಿಂದಲೇ ಹೋಗಬೇಕಾಯಿತು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಸಂಡೂರಿನ ಕೊನೆಯ ಅರಸರ ಪುತ್ರ ಎಂ. ವೈ. ಘೋರ್ಪಡೆಯವರು ಅದೇ ಸಂಡೂರಿನ ಮತದಾರರಿಂದ ಆರಿಸಲ್ಪಟ್ಟು, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾದರು. ತಂದೆಯ ಪ್ರಜೆಗಳಾಗಿದ್ದವರಿಂದ ಮಗನು ಮತವನ್ನು ಕೇಳಿ ಪಡೆದನು. ೩೨೬ನೆಯ ಅನುಚ್ಛೇದದ ಸಾರ್ವತ್ರಿಕ ಮತಾಧಿಕಾರವೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಸಿಕ್ಕುವುದು ಕಷ್ಟ. ಇಂದು ಸಂಡೂರು, ಕಂಪ್ಲಿ ಎರಡೂ ವಿಧಾನಸಭಾ ಕ್ಷೇತ್ರಗಳು ೩೩೨ನೆಯ ಅನುಚ್ಛೇದದಂತೆ ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿವೆ.

೪. ಬದಲಾವಣೆಯ ನಾಲ್ಕು ಮೆಟ್ಟಿಲುಗಳು

ಸಂವಿಧಾನವು ಎಲ್ಲ ವಿಷಯಗಳನ್ನೂ ಒಂದೇ ಭದ್ರತೆಯಿಂದ ಕಟ್ಟಿಲ್ಲ. ಕೆಲವನ್ನು ಸುಲಭವಾಗಿ ಬದಲಾಯಿಸಬಹುದು, ಕೆಲವನ್ನು ಕಷ್ಟದಿಂದ. ಕೆಲವನ್ನು ಬದಲಾಯಿಸಲೇ ಆಗದು. ನಮ್ಮ ಊರುಗಳ ಚರಿತ್ರೆಯಲ್ಲಿ ಈ ಮೆಟ್ಟಿಲುಗಳು ಒಂದೊಂದಾಗಿ ಕಾಣುತ್ತವೆ.

ಮೊದಲನೆಯ ಮೆಟ್ಟಿಲು ಜಿಲ್ಲೆ. ೨೦೨೧ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಾಗಿಸಿ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಅದು ಕರ್ನಾಟಕದ ೩೧ನೆಯ ಜಿಲ್ಲೆ. ಹಂಪೆಯು ಅದರಲ್ಲಿ ಸೇರಿತು. ಹಿಂದೆ ಹೊಸಪೇಟೆಯ ತಾಲ್ಲೂಕಿನಲ್ಲಿದ್ದು ಬಳಿಕ ಪ್ರತ್ಯೇಕ ತಾಲ್ಲೂಕಾದ ಕಂಪ್ಲಿಯೂ, ಸಂಡೂರೂ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಇಷ್ಟು ದೊಡ್ಡ ಬದಲಾವಣೆಗೆ ಪಾರ್ಲಿಮೆಂಟಿನ ಕಾಯಿದೆಯಾಗಲಿ ವಿಧಾನಮಂಡಲದ ಹೊಸ ಕಾಯಿದೆಯಾಗಲಿ ಬೇಕಾಗಲಿಲ್ಲ. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯು ಸರ್ಕಾರಕ್ಕೆ ಕೊಟ್ಟಿರುವ ಅಧಿಕಾರದಿಂದ ಹೊರಟ ಅಧಿಸೂಚನೆಯೇ ಸಾಕಾಯಿತು.

ಎರಡನೆಯ ಮೆಟ್ಟಿಲು ರಾಜ್ಯದ ಗಡಿ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿ, ಉಳಿದ ಭಾಗವು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಬಳ್ಳಾರಿ ತಾಲ್ಲೂಕು ಯಾರಿಗೆಂಬ ವಿವಾದವು ಎಷ್ಟು ತೀವ್ರವಾಗಿತ್ತೆಂದರೆ, ಅದನ್ನು ಪರಿಶೀಲಿಸಲು ನ್ಯಾಯಮೂರ್ತಿ ಎಲ್. ಎಸ್. ಮಿಶ್ರರನ್ನು ಪ್ರತ್ಯೇಕವಾಗಿ ನೇಮಿಸಬೇಕಾಯಿತು. ಇದೆಲ್ಲವೂ ನಡೆದುದು ೩ನೆಯ ಅನುಚ್ಛೇದದ ಮೇರೆಗೆ ಪಾರ್ಲಿಮೆಂಟು ಮಾಡಿದ ಕಾಯಿದೆಯಿಂದ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಆದರೆ ಆ ಅಭಿಪ್ರಾಯವು ಪಾರ್ಲಿಮೆಂಟನ್ನು ಕಟ್ಟಿಹಾಕುವುದಿಲ್ಲ. ಸಾಮಾನ್ಯ ಬಹುಮತವೇ ಸಾಕು. ೪ನೆಯ ಅನುಚ್ಛೇದದ ಪ್ರಕಾರ ಅದು ಸಂವಿಧಾನದ ತಿದ್ದುಪಡಿಯೆಂದು ಎಣಿಕೆಯಾಗುವುದಿಲ್ಲ. ೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದುದೂ ಇದೇ ಮಾರ್ಗದಿಂದ.

ಮೂರನೆಯ ಮೆಟ್ಟಿಲು ಸಂವಿಧಾನದ ತಿದ್ದುಪಡಿ. ೩೬೮ನೆಯ ಅನುಚ್ಛೇದದಂತೆ ಪಾರ್ಲಿಮೆಂಟಿನ ಒಂದೊಂದು ಸಭೆಯಲ್ಲಿಯೂ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಕೊಟ್ಟವರಲ್ಲಿ ಮೂರನೆಯ ಎರಡು ಪಾಲೂ ಇದಕ್ಕೆ ಬೇಕು. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ೨೦೧೨ರ ೯೮ನೆಯ ತಿದ್ದುಪಡಿಯಿಂದ ಸೇರಿದ ೩೭೧ಜೆ ಅನುಚ್ಛೇದವು ಈ ಪ್ರದೇಶಕ್ಕೆ ಬಂದ ಅತಿ ಮುಖ್ಯವಾದ ತಿದ್ದುಪಡಿ. ಹಿಂದುಳಿದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಲಿ, ನ್ಯಾಯವಾದ ಹಣದ ಹಂಚಿಕೆ, ವಿದ್ಯಾಸಂಸ್ಥೆಗಳಲ್ಲಿಯೂ ಸರ್ಕಾರಿ ಉದ್ಯೋಗಗಳಲ್ಲಿಯೂ ಆ ಪ್ರದೇಶದವರಿಗೆ ಮೀಸಲಾತಿ ಇವುಗಳಿಗೆ ಅದು ಆಧಾರ. ಬಳ್ಳಾರಿ ಜಿಲ್ಲೆಯು ೧೮೦೦ರಲ್ಲಿಯೇ ನಿಜಾಮನ ಕೈಬಿಟ್ಟುದಾದರೂ ಈ ಪ್ರದೇಶದೊಳಗೆ ಸೇರಿದೆ. ಚರಿತ್ರೆಯ ಹೆಸರು ಒಂದು, ಕಾನೂನಿನ ಎಲ್ಲೆ ಇನ್ನೊಂದು. ಕಾನೂನಿನಲ್ಲಿ ನಡೆಯುವುದು ಎರಡನೆಯದು. ೨೦೧೯ರಿಂದ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿದೆ. ಜಿಲ್ಲೆಯು ವಿಭಾಗವಾದರೂ ಹೊಸಪೇಟೆಯ ವಿದ್ಯಾರ್ಥಿಗೆ ಈ ಅನುಕೂಲವು ತಪ್ಪಿಹೋಗಲಿಲ್ಲ. ಮೊದಲನೆಯ ಮೆಟ್ಟಿಲಿನಲ್ಲಿ ಆದ ಬದಲಾವಣೆಯು ಮೂರನೆಯ ಮೆಟ್ಟಿಲಿನಲ್ಲಿರುವುದನ್ನು ಅಲುಗಾಡಿಸಲಾರದು.

ನಾಲ್ಕನೆಯದು ಯಾರೂ ಕೈಹಾಕಲಾಗದ ಮೆಟ್ಟಿಲು. ಕನ್ನಡ ನಾಡಿನ ಅಂಚಿನ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳ ಸರ್ಕಾರದ ಭೂಸುಧಾರಣೆಯ ಕಾಯಿದೆಗಳನ್ನು ಕುರಿತು ತಂದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ೧೩ ನ್ಯಾಯಾಧೀಶರ ಪೀಠವು ೧೯೭೩ರ ಏಪ್ರಿಲ್ ೨೪ರಂದು ತೀರ್ಪಿತ್ತಿತು. ಪಾರ್ಲಿಮೆಂಟು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸಲಾಗದು ಎಂಬುದು ಏಳು ನ್ಯಾಯಾಧೀಶರ ಬಹುಮತದ ನಿರ್ಣಯ. ಮನೆಯ ಕೋಣೆಗಳನ್ನು ಬೇಕಾದಂತೆ ಬದಲಾಯಿಸಬಹುದು, ಅಸ್ತಿಭಾರವನ್ನು ಕೀಳಬಾರದು ಎಂದಂತಾಯಿತು.

೫. ಅಧಿಕಾರದ ಹಂಚಿಕೆ: ಅದಿರು, ನೀರು, ಗುಡಿ

ಕೇಂದ್ರಕ್ಕೆ ಯಾವುದು, ರಾಜ್ಯಕ್ಕೆ ಯಾವುದು ಎಂಬುದನ್ನು ಏಳನೆಯ ಅನುಸೂಚಿಯ ಮೂರು ಪಟ್ಟಿಗಳು ಹೇಳುತ್ತವೆ: ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ಬರಿಗೂ ಸಮಾನವಾದ ಪಟ್ಟಿ. ಪಟ್ಟಿಗಳಲ್ಲಿ ಹೇಳದೆ ಉಳಿದುದು ೨೪೮ನೆಯ ಅನುಚ್ಛೇದದಂತೆ ಕೇಂದ್ರಕ್ಕೆ ಸೇರುವುದು. ಈ ಹಂಚಿಕೆಯು ಬರಿಯ ಕಾಗದದ ಲೆಕ್ಕವಲ್ಲವೆಂಬುದನ್ನು ಸಂಡೂರಿನ ಅದಿರು, ಹೊಸಪೇಟೆಯ ನೀರು, ಹಂಪೆಯ ಗುಡಿಗಳು ತೋರಿಸುತ್ತವೆ.

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. ಗಣಿಗಳು ರಾಜ್ಯದ ಪಟ್ಟಿಯಲ್ಲಿ ೨೩ನೆಯ ಬಾಬು. ಆದರೆ ಪಾರ್ಲಿಮೆಂಟು ಸಾರ್ವಜನಿಕ ಹಿತಕ್ಕಾಗಿ ತಾನು ವಹಿಸಿಕೊಳ್ಳುವೆನೆಂದು ಕಾಯಿದೆಯ ಮೂಲಕ ಸಾರಿದರೆ, ಕೇಂದ್ರದ ಪಟ್ಟಿಯ ೫೪ನೆಯ ಬಾಬಿನಂತೆ ಆಮಟ್ಟಿಗೆ ಅಧಿಕಾರವು ಅದಕ್ಕೆ ಹೋಗುವುದು. ೧೯೫೭ರ ಗಣಿ ಮತ್ತು ಖನಿಜಗಳ ಕಾಯಿದೆಯಲ್ಲಿ ಪಾರ್ಲಿಮೆಂಟು ಹಾಗೆ ಸಾರಿದೆ. ಸಂಡೂರಿನ ಒಂದು ಗಣಿಯ ಕಂಪೆನಿಯೂ ಕರ್ನಾಟಕ ಸರ್ಕಾರವೂ ವಾದಿ ಪ್ರತಿವಾದಿಗಳಾಗಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಈ ತತ್ತ್ವವನ್ನೇ ಎತ್ತಿಹಿಡಿಯಿತು. ನೆಲವು ರಾಜ್ಯದ್ದಾದರೂ ಗುತ್ತಿಗೆ ಕೊಡುವಾಗ ಕೇಂದ್ರದ ಕಾಯಿದೆಯ ಹೊರಗೆ ರಾಜ್ಯವು ತನ್ನದೇ ನೀತಿಯನ್ನು ನಡೆಸುವಂತಿಲ್ಲ.

ತುಂಗಭದ್ರೆಯ ಅಣೆಕಟ್ಟಿನ ಕೆಲಸವು ೧೯೪೫ರ ಫೆಬ್ರವರಿ ೨೮ರಂದು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳ ನಡುವಣ ಒಡಂಬಡಿಕೆಯಂತೆ ಪ್ರಾರಂಭವಾಯಿತು. ಇಂದು ಆ ಒಡಂಬಡಿಕೆಯ ಪಕ್ಷಗಳೆರಡರಲ್ಲಿ ಯಾವುದೂ ಆ ರೂಪದಲ್ಲಿ ಉಳಿದಿಲ್ಲ. ನೀರು ಮಾತ್ರ ಹರಿಯುತ್ತಿದೆ; ಅದನ್ನು ನೆಚ್ಚಿದ ಕಂಪ್ಲಿಯ ಗದ್ದೆಗಳೂ ಆಂಧ್ರದ ಹೊಲಗಳೂ ಇವೆ. ನೀರು ರಾಜ್ಯದ ಪಟ್ಟಿಯ ವಿಷಯ. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರದ ಪಟ್ಟಿಯದು. ವಿವಾದ ಹುಟ್ಟಿದರೆ ೨೬೨ನೆಯ ಅನುಚ್ಛೇದದಂತೆ ಅದನ್ನು ಪ್ರತ್ಯೇಕ ನ್ಯಾಯಮಂಡಲಿಗೆ ಒಪ್ಪಿಸಬಹುದು. ಬಚಾವತರ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಲಿಯು ಹೀಗೆ ಏರ್ಪಟ್ಟುದು. ಅಣೆಕಟ್ಟನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಲಿಯು ೧೯೫೩ರ ಆಂಧ್ರ ರಾಜ್ಯ ಕಾಯಿದೆಯ ೬೬ನೆಯ ಪ್ರಕರಣದಿಂದ ಹುಟ್ಟಿದುದು. ೨೦೨೪ರ ಆಗಸ್ಟ್ ೧೦ರ ರಾತ್ರಿ ೩೩ ತೂಬುಬಾಗಿಲುಗಳಲ್ಲಿ ೧೯ನೆಯದು ಕಿತ್ತುಹೋಗಿ ನೀರು ವ್ಯರ್ಥವಾಗಿ ಹರಿದಾಗ, ಇದರ ಹೊಣೆ ಯಾರದೆಂದು ಜನ ಕೇಳಿದರು. ಉತ್ತರವು ಎಪ್ಪತ್ತು ವರ್ಷಗಳ ಹಿಂದಿನ ಆ ಪ್ರಕರಣದಲ್ಲಿತ್ತು.

ಇನ್ನು ಹಂಪೆ. ರಾಷ್ಟ್ರೀಯ ಮಹತ್ತ್ವದ್ದೆಂದು ಪಾರ್ಲಿಮೆಂಟು ಘೋಷಿಸಿದ ಸ್ಮಾರಕಗಳು ಕೇಂದ್ರಕ್ಕೆ, ಇತರ ಸ್ಮಾರಕಗಳು ರಾಜ್ಯಕ್ಕೆ, ಪ್ರಾಕ್ತನ ನಿವೇಶನಗಳು ಸಮಾನ ಪಟ್ಟಿಗೆ ಸೇರಿವೆ. ಆದುದರಿಂದ ಒಂದೇ ಬಯಲಿನಲ್ಲಿ ೧೯೫೮ರ ಕೇಂದ್ರದ ಕಾಯಿದೆ, ೧೯೬೧ರ ರಾಜ್ಯದ ಕಾಯಿದೆ, ೨೦೦೨ರ ಹಂಪೆ ವಿಶ್ವ ಪರಂಪರೆ ಪ್ರದೇಶ ಪ್ರಾಧಿಕಾರದ ಕಾಯಿದೆ ಮೂರೂ ನಡೆಯುತ್ತವೆ. ಯುನೆಸ್ಕೋ ಸಂಸ್ಥೆಯು ೧೯೮೬ರಲ್ಲಿ ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ೪೯ನೆಯ ಅನುಚ್ಛೇದವು ಸ್ಮಾರಕಗಳ ರಕ್ಷಣೆಯನ್ನು ಸರ್ಕಾರದ ಕರ್ತವ್ಯವೆಂದಿದೆ. ಆದರೆ ಹಂಪೆಯಲ್ಲಿ ಕಲ್ಲುಗಳಷ್ಟೇ ಇಲ್ಲ, ಜನರೂ ಇದ್ದಾರೆ. ೨೦೧೧ರ ಜುಲೈಯಲ್ಲಿ ವಿರೂಪಾಕ್ಷ ಬೀದಿಯ ಮಂಟಪಗಳಲ್ಲಿ ಸಂಸಾರ ಹೂಡಿ ಅಂ‌ಗಡಿ ನಡೆಸುತ್ತಿದ್ದ ಕುಟುಂಬಗಳನ್ನು ತೆರವುಮಾಡಿಸಲಾಯಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ನದಿಯಾಚೆಯ ವಿರೂಪಾಪುರ ಗಡ್ಡೆಯ ಅನಧಿಕೃತ ವಸತಿಗೃಹಗಳನ್ನು ತೆಗೆಯತಕ್ಕದ್ದೆಂಬ ನಿರ್ಣಯವನ್ನು ಎತ್ತಿಹಿಡಿಯಿತು. ಸ್ಮಾರಕವು ಎಲ್ಲರ ಸೊತ್ತು. ಜೀವನೋಪಾಯವು ಒಬ್ಬೊಬ್ಬನ ಪ್ರಾಣ. ಆಸ್ತಿಯು ೧೯೭೮ರ ೪೪ನೆಯ ತಿದ್ದುಪಡಿಯ ಮೇಲೆ ಮೂಲಭೂತ ಹಕ್ಕಾಗಿ ಉಳಿದಿಲ್ಲವಾದರೂ, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂದು ೩೦೦ಎ ಅನುಚ್ಛೇದವು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವನ್ನೂ ಸೇರಿಸಿದೆ. ಎರಡು ಒಳಿತುಗಳು ಎದುರುಬದುರಾದಾಗ ಎರಡನ್ನೂ ತೂಗಿ ನೋಡಬೇಕು. ತೂಗಿದ ಕಾರಣವನ್ನು ಬರೆದು ತೋರಿಸಬೇಕು. ಸಂವಿಧಾನವು ಕೇಳುವುದು ಇಷ್ಟನ್ನು.

೬. ನ್ಯಾಯಸ್ಥಾನದ ದಾರಿ

ಈ ಹಕ್ಕುಗಳನ್ನು ಕೇಳುವ ದಾರಿ ಯಾವುದು? ಹೊಸಪೇಟೆಯ ನ್ಯಾಯಸ್ಥಾನದಲ್ಲಿ ಮೊದಲಾಗುವ ಸಾಮಾನ್ಯ ವ್ಯಾಜ್ಯವು ಜಿಲ್ಲಾ ನ್ಯಾಯಾಲಯದ ಮೂಲಕ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ೨೦೦೮ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠವು ಸ್ಥಾಪಿತವಾಗಿ ೨೦೧೩ರಲ್ಲಿ ಖಾಯಂ ಆದುದರಿಂದ, ಈ ಭಾಗದವರು ಬೆಂಗಳೂರಿನವರೆಗೆ ಹೋಗುವ ಶ್ರಮವು ತಪ್ಪಿದೆ. ಸರ್ಕಾರದ ಆಜ್ಞೆಯೇ ಅನ್ಯಾಯವಾಗಿದ್ದರೆ ೨೨೬ನೆಯ ಅನುಚ್ಛೇದದಂತೆ ನೇರವಾಗಿ ಉಚ್ಚ ನ್ಯಾಯಾಲಯಕ್ಕೆ, ಮೂಲಭೂತ ಹಕ್ಕಿಗೆ ಭಂಗ ಬಂದರೆ ೩೨ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಅಪರಾಧಗಳ ವಿಷಯದಲ್ಲಿ ೧೮೬೦ರ ದಂಡಸಂಹಿತೆಯ ಸ್ಥಾನಕ್ಕೆ ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ.

೩೨ನೆಯ ಅನುಚ್ಛೇದದ ಬಲವನ್ನು ಈ ಬೆಟ್ಟಗಳು ಪ್ರತ್ಯಕ್ಷವಾಗಿ ಕಂಡಿವೆ. ಅಕ್ರಮ ಗಣಿಗಾರಿಕೆಯಿಂದ ಕಾಡೂ ಹೊಲವೂ ಕೆಂಪು ಧೂಳಿನಲ್ಲಿ ಮುಳುಗಿದಾಗ, ಸಮಾಜ ಪರಿವರ್ತನಾ ಸಮುದಾಯವೆಂಬ ಸಂಸ್ಥೆಯು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ೨೦೧೧ರ ಜುಲೈ ೨೯ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನ್ಯಾಯಾಲಯವು ನಿಲ್ಲಿಸಿತು. ೨೦೧೩ರ ಏಪ್ರಿಲ್ ೧೮ರ ತೀರ್ಪಿನಲ್ಲಿ ಗಣಿಗಳನ್ನು ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿ, ಕೊನೆಯ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಅದೇ ವರ್ಷ ಹೊಸಪೇಟೆಯ ಬಳಿಯ ಜಂಬುನಾಥ ದೇವಾಲಯದ ಸುತ್ತಣ ಗಣಿಗಾರಿಕೆಗೂ ನಿರ್ಬಂಧವನ್ನು ವಿಧಿಸಿತು. ಈ ಕ್ರಮದಿಂದ ಗಣಿಯ ಕೂಲಿಗಳೂ ಲಾರಿಯವರೂ ಕೆಲಸವಿಲ್ಲದೆ ಕಷ್ಟಪಟ್ಟರೆಂಬುದು ನಿಜ. ಧೂಳಿನಿಂದ ಬೆಳೆ ಕಳೆದುಕೊಂಡ ರೈತರಿಗೆ ಅದಕ್ಕೂ ಮೊದಲು ದಾರಿಯೇ ಇರಲಿಲ್ಲವೆಂಬುದೂ ಅಷ್ಟೇ ನಿಜ. ಪ್ರಬಲರ ಎದುರಿಗೆ ದುರ್ಬಲರ ಮಾತನ್ನು ಕೇಳುವ ಸ್ಥಾನವೊಂದಿದೆಯೆಂಬುದು ಅಂದು ಸ್ಥಿರಪಟ್ಟಿತು.

ಮೇಲಣ ವಿವರಣೆಯಿಂದ ಹೊರಡುವ ಸಾರಾಂಶವಿಷ್ಟು. ಜಿಲ್ಲೆಗಳು ಬದಲಾಗುವುವು, ರಾಜ್ಯಗಳ ಗಡಿಗಳೂ ಹೆಸರುಗಳೂ ಬದಲಾಗುವುವು, ಸಂವಿಧಾನದ ಅನುಚ್ಛೇದಗಳೂ ಬದಲಾಗುವುವು. ಬದಲಾಯಿಸುವವನು ಮಾತ್ರ ತನಗೆ ಆ ಅಧಿಕಾರವು ಎಲ್ಲಿಂದ ಬಂದಿತೆಂಬುದನ್ನು ತೋರಿಸಲೇಬೇಕು. ಆದುದರಿಂದ ಯಾವುದೇ ಆಜ್ಞೆಯು ಮನೆಯ ಬಾಗಿಲಿಗೆ ಬಂದಾಗ ಕಂಪ್ಲಿಯ ರೈತನಾಗಲಿ ಹಂಪೆಯ ಅಂಗಡಿಯವನಾಗಲಿ ಮೂರು ಪ್ರಶ್ನೆಗಳನ್ನು ಕೇಳಬಹುದು: ಇದನ್ನು ಹೊರಡಿಸಿದವರು ಯಾರು? ಯಾವ ಕಾಯಿದೆಯ ಆಧಾರದಿಂದ ಹೊರಡಿಸಿದರು? ನನ್ನ ಮೂಲಭೂತ ಹಕ್ಕಿಗೆ ಇದು ವಿರುದ್ಧವಾಗಿಲ್ಲವಷ್ಟೆ? ಈ ಪ್ರಶ್ನೆಗಳನ್ನು ಹಂಪೆಯ ಅರಸನಿಗಾಗಲಿ, ಮದ್ರಾಸಿನ ಗವರ್ನರಿಗಾಗಲಿ, ಹೈದರಾಬಾದಿನ ನಿಜಾಮನಿಗಾಗಲಿ, ಎಷ್ಟೇ ಉದಾರಿಯಾಗಿದ್ದ ಸಂಡೂರಿನ ಸಂಸ್ಥಾನಾಧಿಪತಿಗಾಗಲಿ ಸಾಮಾನ್ಯ ಪ್ರಜೆಯು ಹಕ್ಕಿನಿಂದ ಕೇಳುವಂತಿರಲಿಲ್ಲ. ಇಂದು ಕೇಳಬಹುದು, ಉತ್ತರ ಕೊಡುವುದು ಆಳುವವರ ಕರ್ತವ್ಯ. ಕೇಳುವ ಅಭ್ಯಾಸವನ್ನು ಬಿಡದಿರುವುದು ಪೌರರ ಕರ್ತವ್ಯ.